ಒಬ್ಬರೇ ಕೂರುವ ದೋಣಿ

ತಂಗಿ ನಿದ್ದೆಯಲ್ಲಿ ತನ್ನ ತೋಳಿನ ಮೇಲೆ ಜೊಲ್ಲು ಸುರಿಸಿದ್ದಾಳೆಂದು ಶಿವರಂಜನಿಗೆ ತಿಳಿದದ್ದು ಓಮ್ನಿ ನಂಜನಗೂಡು ದಾಟಿ ಟಿ. ನರಸೀಪುರದ ರಸ್ತೆ ಹಿಡಿದ ಮೇಲೆ. ಕಿಟಕಿಯ ಗಾಜು ಪೂರ್ತಿ ಏರುತ್ತಿರಲಿಲ್ಲ. ಆಷಾಢದ ಗಾಳಿ ಆ ಸಂದಿಯಿಂದ ನುಗ್ಗಿ ಒದ್ದೆಯಾದ ಜಾಗವನ್ನೇ ಹುಡುಕಿಕೊಂಡು ಬರುತ್ತಿತ್ತು. ಥೂ, ಹದಿನೆಂಟು ತುಂಬುತ್ತ ಬಂದರೂ ಇದಕ್ಕೆ ಬಾಯಿ ಮುಚ್ಚಿ ಮಲಗುವುದು ಗೊತ್ತಿಲ್ಲ. ತಲೆಯನ್ನು ಆ ಕಡೆ ಸರಿಸಬಹುದಿತ್ತು. ಆದರೆ ಮುಂದಿನ ಸೀಟಿನಿಂದ ಅವ್ವ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, ಮಲಗಲಿ ಬಿಡು ಎನ್ನುವ ಹಾಗೆ ಕಣ್ಣು ಮಾಡಿದಳು. ಆ ಕಣ್ಣಿನಲ್ಲಿ ಇದ್ದ ಮುದ್ದು ಯಾರಿಗೆ ಸೇರಿದ್ದೆಂದು ಕೇಳುವ ಅಗತ್ಯವಿರಲಿಲ್ಲ. ಶಿವರಂಜನಿ ಸುಮ್ಮನೆ ಕೂತಳು. ತಾನು ಈ ಮನೆಯಲ್ಲಿ ಈಗ ದಿಂಬು ಎಂದುಕೊಂಡಳು. ಸ್ಟಿಯರಿಂಗ್ ಹಿಡಿದಿದ್ದ ಅಪ್ಪಾಜಿ ಅವ್ವನ ಕಡೆ ವಾಲಿ ಪಿಸುಮಾತಿನಲ್ಲೇ, "ಗಾಳಿ ಚೆನ್ನಾಗದೆ ಕಣೆ. ನಮ್ ಕೂಸು ಇವತ್ತು ಹಾರ್ತದೆ" ಅಂದರು. ಅವ್ವ ಕೆನ್ನೆಗೆ ಕೈಯಿಟ್ಟು ನಂಜುಂಡಪ್ಪನನ್ನು ನೆನೆದಳು. ಹಿಂದೆ ಇಬ್ಬರು ಮಕ್ಕಳು ಕೂತಿದ್ದಾರೆ ಎಂಬುದು ಇಬ್ಬರಿಗೂ ಮರೆತ ಹಾಗಿತ್ತು. ಬೇಕೆಂದು ಮರೆತದ್ದಲ್ಲ, ಅದೇ ಇನ್ನೂ ಕಷ್ಟ. ಬೇಕೆಂದು ಮರೆತಿದ್ದರೆ ಜಗಳವಾದರೂ ಆಡಬಹುದಿತ್ತು.

ಅಪ್ಪಾಜಿ, ಎಂದರೆ ನಂಜೇಶ್, ನಂಜನಗೂಡಿನಲ್ಲಿ ಬೂಸಾ ಹಿಂಡಿ ಅಂಗಡಿ ಇಟ್ಟವರು. ಅಂಗಡಿಯ ಬಾಗಿಲಲ್ಲೇ ಮೂಟೆ ತೂಗುವ ದೊಡ್ಡ ತಕ್ಕಡಿ, ಕಬ್ಬಿಣದ ಹಲಗೆಯದು. ಶಿವರಂಜನಿ ರೇಸಿಗೆ ಹಾಯಿದೋಣಿ ಓಡಿಸುತ್ತಿದ್ದ ಕಾಲದಲ್ಲಿ ಪ್ರತಿ ಭಾನುವಾರ ಅದರ ಮೇಲೆ ಹತ್ತಿ ನಿಲ್ಲಬೇಕಾಗಿತ್ತು. ಲೇಸರ್ ಎಂಬ ಆ ದೋಣಿಗೆ ಒಬ್ಬರೇ ಸವಾರರು. ಒಂದೇ ಪಟ, ಒಂದೇ ಚುಕ್ಕಾಣಿ, ಮಿಕ್ಕಿದ್ದೆಲ್ಲ ಸವಾರರ ಮೈಭಾರ. ಹಗುರವಾದರೆ ಗಾಳಿ ಮಗುಚುತ್ತದೆ, ಭಾರವಾದರೆ ದೋಣಿ ನೀರಿಗೆ ಅಂಟುತ್ತದೆ. ಹತ್ತೊಂಬತ್ತಕ್ಕೆ ಅವಳ ಮೈ ಯಾರನ್ನೂ ಕೇಳದೆ ಬೆಳೆಯಿತು. ರಾಗಿಮುದ್ದೆ ಬಿಟ್ಟಳು, ಅನ್ನ ಬಿಟ್ಟಳು, ತಾಂಡವಪುರದ ತನಕ ಓಡಿ ಬಂದಳು. ತಕ್ಕಡಿಯ ಮುಳ್ಳು ಯಾವ ದೇವರಿಗೂ ಹೆದರಲಿಲ್ಲ. ಒಂದು ಭಾನುವಾರ, ಗಿರಾಕಿಗಳು ತುಂಬಿದ್ದಾಗ, ಅಪ್ಪಾಜಿ ಮುಳ್ಳು ನೋಡಿ, "ಬಿಲ್ ಹಾಕ್ಲಾ, ಮೂಟೆ ಮೇಲೆ ಅರ್ಧ ಮೂಟೆ" ಎಂದು ನಕ್ಕರು. ತಮಾಷೆಯೇ. ಗಿರಾಕಿಗಳೂ ನಕ್ಕರು. ಬೂಸಾ ಮೂಟೆಯ ಮೇಲೆ ಕಾಲಾಡಿಸುತ್ತ ಕೂತಿದ್ದ ಹನ್ನೆರಡರ ಗಾನವಿ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು, ಬಿಕ್ಕಳಿಕೆ ಬರುವ ತನಕ. ಅವಳಿಗೆ ನೀರು ತಂದುಕೊಟ್ಟವಳು ಶಿವರಂಜನಿಯೇ. ಆಮೇಲೆ ಹೆಣ್ಣು ನೋಡಲು ಬಂದ ಬದನವಾಳಿನ ಕಡೆಯ ಹೆಂಗಸೊಬ್ಬಳು ಉಪ್ಪಿಟ್ಟು ತಿನ್ನುತ್ತ "ಹುಡುಗಿ ಗಟ್ಟಿಮುಟ್ಟಾಗವ್ಳೆ ಬಿಡಿ" ಅಂದಾಗ ಅಷ್ಟು ನೋಯಲಿಲ್ಲ. ಹೊರಗಿನವರು ಅಂದದ್ದು ತೊಳೆದರೆ ಹೋಗುತ್ತದೆ.

ಸಂಗಮದ ದಡದಲ್ಲಿ ಓಮ್ನಿ ನಿಂತಾಗ ಗಾನವಿ ಎದ್ದು, ಅಕ್ಕನ ತೋಳನ್ನು ನೋಡಿ, "ಅಯ್ಯೋ, ಸಾರಿ ಅಕ್ಕ" ಎಂದು ತನ್ನ ದುಪಟ್ಟಾದಿಂದಲೇ ಒರೆಸಿದಳು. ಇದೇ ಇವಳಲ್ಲಿ ಸಹಿಸಲಾಗದ್ದು. ಕೆಟ್ಟವಳಾಗಿದ್ದರೆ ಎಷ್ಟು ಸಲೀಸಿತ್ತು. ಡ್ಯಾಮಿನ ನೀರು ಇನ್ನೂ ಬಿಟ್ಟಿರಲಿಲ್ಲ, ಆದರೂ ಕಪಿಲೆ ಕಾವೇರಿಗೆ ಸೇರುವಲ್ಲಿ ನೀರು ಅಗಲವಾಗಿ, ಕಂದು ಬಣ್ಣಕ್ಕೆ ತಿರುಗಿ, ಗಾಳಿಗೆ ಅಲೆಯೆದ್ದು ಕೂತಿತ್ತು. ಮರಳಿನ ಮೇಲೆ ಏಳೆಂಟು ಬಿಳಿ ದೋಣಿಗಳು ಸಾಲಾಗಿ, ಪಟಗಳು ಪಟಪಟ ಬಡಿದುಕೊಳ್ಳುತ್ತ ನಿಂತಿದ್ದವು. ಎಲ್ಲವೂ ಒಂದೇ ಅಚ್ಚು, ಒಂದೇ ಅಳತೆ. ಸೈನ್ಯದಲ್ಲಿದ್ದಾಗ ಹಾಯಿ ಕಲಿತು, ನಿವೃತ್ತಿಯಾದ ಮೇಲೆ ಇಲ್ಲಿ ಮಕ್ಕಳಿಗೆ ಕಲಿಸುವ ರಂಗಸ್ವಾಮಿ ಮೇಷ್ಟ್ರು ಸೀಟಿ ಊದಿ ಎಲ್ಲರನ್ನೂ ಸೇರಿಸಿ, ತಮ್ಮ ಹಳೆಯ ಮಾತನ್ನೇ ಹೇಳಿದರು. "ಕುಣೀಲಾರ್ದವಳು ನೆಲ ಡೊಂಕು ಅಂದ್ಲಂತೆ. ಇಲ್ಲಿ ನೆಲ ಎಲ್ರಿಗೂ ಒಂದೇ ಕಣ್ರವ್ವ. ಸೋತೋರು ದೋಣಿ ಬಯ್ಯಂಗಿಲ್ಲ." ಮಕ್ಕಳು ನಕ್ಕರು. ಆರು ವರ್ಷದ ಹಿಂದೆ ಇದೇ ಮನುಷ್ಯ, ಇದೇ ಮರಳಿನ ಮೇಲೆ, ಇಷ್ಟೇ ಜನರ ಮುಂದೆ, "ನೀನು ಈ ಪಟಕ್ಕೆ ಭಾರ ಆಗ್ಬುಟ್ಟೆ ಕಣವ್ವ ಶಿವರಂಜನಿ, ಆ ಲೈಫ್ ಜಾಕೆಟ್ನ ತಂಗಿಗೆ ಕೊಟ್ಬುಡು, ಆಕೆ ಕಲೀಲಿ" ಅಂದಿದ್ದರು. ಮೇಷ್ಟ್ರ ಮಾತಿನಲ್ಲಿ ವಿಷವಿರಲಿಲ್ಲ. ಬಿಸಿಲು ಬರ್ತದೆ, ಛತ್ರಿ ತಗೊ ಅಂದಷ್ಟೇ ಸಲೀಸಾಗಿ ಅಂದಿದ್ದರು. ಅವಳು ಅಲ್ಲೇ ಜಾಕೆಟ್ ಬಿಚ್ಚಿ ಕೊಟ್ಟಿದ್ದಳು. ಬೆವರಿಗೆ ಒದ್ದೆಯಾಗಿತ್ತು, ಗಾನವಿ ಮೂಗು ಮುಚ್ಚಿಕೊಂಡು ತೊಟ್ಟಿದ್ದಳು.

ಇವತ್ತಿನದು ಆಯ್ಕೆಯ ಕೊನೆಯ ರೇಸು. ಹೈದರಾಬಾದಿನ ಕಿರಿಯರ ಹಾಯಿ ಶಿಬಿರಕ್ಕೆ ಇಲ್ಲಿಂದ ಒಬ್ಬಳೇ ಒಬ್ಬಳು ಹೋಗುವುದು. ವಯಸ್ಸಿನ ಮಿತಿಯಿಂದಾಗಿ ಗಾನವಿಗೆ ಇದೇ ಕೊನೆಯ ಅವಕಾಶ. ಹಿಂದಿನ ರೇಸುಗಳಲ್ಲಿ ಅವಳೂ, ಬಿಳಿಗೆರೆ ಕಡೆಯಿಂದ ಬರುವ ಮೇಘನಾ ಎಂಬ ಹುಡುಗಿಯೂ ಸಮಸಮ. ಇವತ್ತು ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಅವರು ಹೋದ ಹಾಗೆ. ಮೇಷ್ಟ್ರು ಶಿವರಂಜನಿಯನ್ನು ಕರೆದು, "ನೀನು ಮೋಟರ್ ದೋಣೀಲಿ ಕೂತ್ಕೊ. ಗಾಳಿ ಹೆಚ್ಚಾಯ್ತದೆ. ಯಾರಾದ್ರೂ ಮಗುಚ್ಕೊಂಡ್ರೆ ಅತ್ರ ಓಗಿ ನಿಂತ್ಕೊ, ಅಷ್ಟೆ. ಗ್ಯಾಪ್ಕ ಅದೆ ತಾನೆ? ನೀನು ಮುಟ್ಟಿದ್ಯೋ, ಆ ಹುಡ್ಗಿ ರೇಸ್ನಿಂದ ಔಟು" ಅಂದರು. ಅವಳು ತಲೆಯಾಡಿಸಿದಳು. ಈ ನಿಯಮ ಅವಳಿಗೆ ಹೇಳಬೇಕಾಗಿರಲಿಲ್ಲ. ಮಗುಚಿದವಳು ತಾನೇ ಎತ್ತಿಕೊಳ್ಳಬೇಕು. ಒಂದು ಕೈಯನ್ನು ತಲೆಯ ಮೇಲೆ ಇಟ್ಟುಕೊಂಡರೆ ನಾನು ಸರಿಯಾಗಿದ್ದೇನೆ, ದೂರವಿರಿ ಎಂದು. ಕೈಯನ್ನು ಮೇಲೆತ್ತಿ ಬೀಸಿದರೆ ಬನ್ನಿ ಎಂದು. ಎಷ್ಟು ಸಲ ತಾನೇ ಕೈಯನ್ನು ತಲೆಯ ಮೇಲೆ ಒತ್ತಿ ಹಿಡಿದು, ಬಾಯಿ ತುಂಬ ಕಪಿಲೆ ನೀರು ಉಗುಳುತ್ತ, ಬರಬೇಡಿ ಬರಬೇಡಿ ಎಂದು ಮನಸ್ಸಿನಲ್ಲೇ ಕೂಗಿದ್ದಳು. ನೀರಿನಲ್ಲಿದ್ದಷ್ಟು ಒಂಟಿಯಾಗಿ, ಅಷ್ಟು ಸುಖವಾಗಿ ಅವಳು ದಡದ ಮೇಲೆ ಎಲ್ಲೂ ಇರಲಿಲ್ಲ. ಈಗ ಖಾಸಗಿ ಶಾಲೆಯೊಂದರಲ್ಲಿ ಪಿ.ಟಿ. ಟೀಚರು. ಮಕ್ಕಳನ್ನು ಸಾಲಲ್ಲಿ ನಿಲ್ಲಿಸಿ ಕೈ ಮೇಲೆ, ಕೈ ಕೆಳಗೆ ಅನ್ನುವ ಕೆಲಸ.

ದೋಣಿಯನ್ನು ನೀರಿಗಿಳಿಸುವಾಗ ಜಾಕೆಟ್ಟಿನ ಬಕಲ್ಲು ಹಾಕಿಸಿಕೊಳ್ಳಲು ಗಾನವಿ ಅಕ್ಕನ ಮುಂದೆ ಬಂದು ಕೈಯೆತ್ತಿ ನಿಂತಳು. ಶಿವರಂಜನಿ ಪಟ್ಟಿ ಎಳೆದಳು. ಒಳಗೆ ಎಷ್ಟು ಸಣ್ಣ ಸೊಂಟ. ಇನ್ನೊಂದು ಸ್ವಲ್ಪ ಎಳೆದಳು. "ಉಸಿರು ಕಟ್ತದೆ ಅಕ್ಕ!" ಎಂದು ಗಾನವಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಯಾರಿಗೂ ಕೇಳದ ಹಾಗೆ, "ರಾತ್ರಿ ಎಲ್ಲ ನಿದ್ದೆನೇ ಬರ್ಲಿಲ್ಲ. ನೀನು ಮೋಟರ್ ದೋಣೀಲಿ ಇರ್ತೀಯ ಅಂದ್ರು ಮೇಷ್ಟ್ರು, ಈಗ ಪರ್ವಾಗಿಲ್ಲ" ಅಂದಳು. ಶಿವರಂಜನಿಗೆ ಎದೆಯಲ್ಲಿ ಏನೋ ಕರಗಿದ ಹಾಗಾಯಿತು. ಪಾಪ, ನನ್ನ ಕೂಸು, ಎಂದುಕೊಂಡಳು. ನಿಜವಾಗಿಯೂ ಹಾಗೇ ಅಂದುಕೊಂಡಳು, ಸುಳ್ಳಲ್ಲ. ಅದೇ ಉಸಿರಿನಲ್ಲಿ, ಇವಳು ಸೋಲಲಿ ಎಂದೂ ಅಂದುಕೊಂಡಳು. ಎರಡೂ ಒಂದೇ ಮನೆಯ ಅಕ್ಕತಂಗಿಯರ ಹಾಗೆ ಒಟ್ಟಿಗೇ ಬಂದವು. ಯಾವುದನ್ನು ಒಳಗೆ ಕರೆದು ಯಾವುದನ್ನು ಹೊರಗೆ ನಿಲ್ಲಿಸಬೇಕೆಂದು ಅವಳಿಗೆ ತಿಳಿಯಲಿಲ್ಲ. "ಹೋಗು, ಒಳ್ಳೇದಾಗ್ಲಿ" ಎಂದು ಬೆನ್ನು ತಟ್ಟಿದಳು. ಅವ್ವ ದಡದಿಂದಲೇ ನೆಟಿಗೆ ಮುರಿದಳು.

ಮೋಟರ್ ದೋಣಿ ನಡೆಸುವ ಚಾಮಯ್ಯ ಪುಕ್ಕಲ. ಸಂಗಮಕ್ಕೆ ಸ್ನಾನಕ್ಕೆ ಬಂದವರನ್ನು ಆಚೆ ದಡಕ್ಕೆ ದಾಟಿಸಿ ಬದುಕುವವನು. ಈ ರೇಸು, ನಿಯಮ, ಸೀಟಿ ಒಂದೂ ಅವನ ತಲೆಗೆ ಹೋಗುತ್ತಿರಲಿಲ್ಲ. "ಇಸ್ಟ್ ಗಾಳೀಲಿ ಹೆಣ್ಮಕ್ಳನ್ನ ಒಬ್ಬೊಬ್ರನ್ನೇ ನೀರಿಗೆ ಬುಡ್ತಾರಲ್ಲ, ಇವರ್ಗೇನ್ ಬಂದದೆ ರೋಗ" ಎಂದು ಬೀಡಿ ಕಚ್ಚಿಕೊಂಡೇ ಗೊಣಗುತ್ತಿದ್ದ. ರೇಸು ಶುರುವಾಯಿತು. ಗಾಳಿಗೆ ಎದುರಾಗಿ ಏರುವ ಮೊದಲ ಹಾದಿಯಲ್ಲೇ ಗಾನವಿ ಮುಂದೆ ಹೋದಳು. ಪಾದಗಳನ್ನು ದೋಣಿಯೊಳಗಿನ ಪಟ್ಟಿಯ ಕೆಳಗೆ ಸಿಕ್ಕಿಸಿ, ಇಡೀ ಮೈಯನ್ನು ದೋಣಿಯ ಅಂಚಿನಿಂದ ಆಚೆಗೆ ಚಾಚಿ, ಬೆನ್ನು ನೀರಿಗೆ ತಗಲುವ ಹಾಗೆ ಮಲಗಿದ್ದಳು. ಗಾಳಿ ಪಟವನ್ನು ಒಂದು ಕಡೆಗೆ ಎಳೆದರೆ ಅವಳು ಇನ್ನೊಂದು ಕಡೆಗೆ. ಅಬ್ಬಾ, ಎಷ್ಟು ಚೆಂದ. ಶಿವರಂಜನಿಯ ತೊಡೆಯ ಸ್ನಾಯುಗಳು ತಾವಾಗಿಯೇ ಬಿಗಿದವು. ಮೋಟರ್ ದೋಣಿಯ ಹಲಗೆಯ ಮೇಲೆ ಕೂತು, ಪಾದವನ್ನು ಇಲ್ಲದ ಪಟ್ಟಿಯ ಕೆಳಗೆ ಸಿಕ್ಕಿಸಲು ನೋಡುತ್ತಿದ್ದಾಳೆಂದು ಅವಳಿಗೆ ಒಮ್ಮೆಲೇ ಅರಿವಾಗಿ, ಚಾಮಯ್ಯ ನೋಡಿದನೇ ಎಂದು ತಿರುಗಿದಳು. ಅವನು ನೋಡಿದ್ದ. "ಕಾಲು ಇಡ್ಕೊಂಡದಾ ಅವ್ವಾ?" ಎಂದು ಕೇಳಿದ. "ಮುಚ್ಕೊಂಡು ಮೋಟರ್ ನೋಡು" ಅಂದಳು. ಅವನು ನೊಂದುಕೊಂಡ ಹಾಗೆ ಬೀಡಿಯನ್ನು ನೀರಿಗೆಸೆದ. ನನ್ನ ಮೈ ನನಗಿಂತ ಮೊದಲು ಎಲ್ಲರಿಗೂ ಕಾಣುತ್ತದೆ, ಎಂದು ಅವಳು ಅಂದುಕೊಂಡಳು. ತಕ್ಕಡಿಯ ಮೇಲೆ, ಉಪ್ಪಿಟ್ಟಿನ ತಟ್ಟೆಯ ಮೇಲಿಂದ, ಈಗ ಈ ಬೀಡಿಯ ಹೊಗೆಯಲ್ಲಿ.

ಕೊನೆಯ ಸುತ್ತಿನಲ್ಲಿ, ತಿರುವಿನ ಗುರುತಿಗೆ ತೇಲಿಬಿಟ್ಟಿದ್ದ ಕಿತ್ತಳೆ ಬಣ್ಣದ ಗಾಳಿಬುರುಡೆಯನ್ನು ಬಳಸಿ ಪಟವನ್ನು ಈ ಕಡೆಯಿಂದ ಆ ಕಡೆಗೆ ಹೊರಳಿಸುವಾಗ, ಕಪಿಲೆಯ ಕಡೆಯಿಂದ ಒಂದು ಹೊಡೆತ ಗಾಳಿ ಬಂತು. ಗಾನವಿಯ ದೋಣಿ ಅಡ್ಡ ಬಿತ್ತು. ಬಿದ್ದದ್ದು ಪೂರ್ತಿ ಉರುಳಿ ತಲೆಕೆಳಗಾಗಿ, ಪಟ ಮುಳುಗಿ, ಬಿಳಿ ತಳ ಮಾತ್ರ ನೀರಿನ ಮೇಲೆ ಉಳಿಯಿತು. "ಓದ್ಲು! ಓದ್ಲು ಕೂಸು!" ಎಂದು ಚಾಮಯ್ಯ ಎದ್ದುನಿಂತ. ಮೋಟರ್ ದೋಣಿಯೂ ತೊನೆಯಿತು. ಶಿವರಂಜನಿಗೆ ಒಂದು ಕ್ಷಣ ಮಾತ್ರ ನಿಜವಾದ ಭಯ. ಆಮೇಲೆ ಗಾನವಿಯ ತಲೆ ನೀರಿನಿಂದ ಮೇಲೆ ಬಂತು. ಕೆಮ್ಮಿದಳು. ಮಗುಚಿದ ದೋಣಿಯ ಮೇಲೆ ಹತ್ತಿ, ತಳದಿಂದ ಮೇಲಕ್ಕೆ ಚಾಚಿದ ನಡುಹಲಗೆಯನ್ನು ಹಿಡಿದು ಹಿಂದಕ್ಕೆ ಜಗ್ಗಿದಳು. ಕೈ ಜಾರಿ ಮತ್ತೆ ನೀರಿಗೆ ಬಿದ್ದಳು. ಮತ್ತೆ ಎದ್ದಳು. ಆಗ, ಒಂದು ಕೈಯಲ್ಲಿ ಹಲಗೆಯನ್ನು ಹಿಡಿದೇ, ಇನ್ನೊಂದು ಕೈಯನ್ನು ತಲೆಯ ಮೇಲೆ ಇಟ್ಟಳು. ಅಂಗೈ ಚಪ್ಪಟೆಯಾಗಿ, ಒದ್ದೆ ಕೂದಲಿನ ಮೇಲೆ. ಮೋಟರ್ ದೋಣಿಯ ಕಡೆಗೇ ನೋಡುತ್ತ ಇಟ್ಟಳು. ಅವಳ ಬೆರಳುಗಳ ನಡುವಿನ ಸಂದು ಕೂಡ ಶಿವರಂಜನಿಗೆ ಕಂಡಿತು. ಮೇಘನಾ ಇನ್ನೂ ತುಂಬ ಹಿಂದಿದ್ದಳು. ಬೇಕಾದಷ್ಟು ಹೊತ್ತಿತ್ತು.

"ಕೈ ತೋರಿಸ್ತಾವ್ಳೆ ಕಣವ್ವ, ಕರೀತಾವ್ಳೆ!" ಎಂದು ಚಾಮಯ್ಯ ಗಾಬರಿಯಲ್ಲಿ ಗೋಗರೆದ. "ಓಗಾನ್ವಾ? ಓಗಾನ್ವಾ?" ಅಲ್ಲ, ಕರೆಯುತ್ತಿಲ್ಲ, ಬರಬೇಡಿ ಎನ್ನುತ್ತಿದ್ದಾಳೆ ಎಂದು ಹೇಳಬೇಕಾದ ಮಾತು ಶಿವರಂಜನಿಯ ನಾಲಗೆಯ ಮೇಲೇ ಇತ್ತು. ಬರೀ ಅಷ್ಟು. ಹತ್ತಿರ ಹೋಗಿ ನಿಂತರೆ ಸಾಕಿತ್ತು. ಅವಳು ದಡದ ಕಡೆ ನೋಡಿದಳು. ಗುಂಜಾ ನರಸಿಂಹಸ್ವಾಮಿಯ ಗೋಪುರದ ಕೆಳಗೆ ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು, ಅಪ್ಪಾಜಿ ಮಂಡಿಯುದ್ದ ನೀರಿಗಿಳಿದು ಎರಡೂ ಕೈ ಬೀಸುತ್ತಿದ್ದರು. ಅಷ್ಟು ದೂರದಿಂದ ಅವರಿಗೆ ಕಾಣುವುದು ಒಂದು ಬಿಳಿ ಚುಕ್ಕೆ, ಒಂದು ಕರಿ ಚುಕ್ಕೆ. ತನಗಾಗಿ ಅಪ್ಪಾಜಿ ಎಂದೂ ಪ್ಯಾಂಟು ಒದ್ದೆ ಮಾಡಿಕೊಂಡವರಲ್ಲ. "ಓಡ್ಸು" ಅಂದಳು. ಹತ್ತಿರ ಹೋದಂತೆ ಗಾನವಿ ಎರಡನೆಯ ಸಲ ಹಲಗೆಯ ಮೇಲೆ ಕಾಲೂರಿ, ಹಿಂದಕ್ಕೆ ಪೂರ್ತಿ ಬಾಗಿದ್ದಳು. ಮುಳುಗಿದ್ದ ಪಟದ ತುದಿ ನೀರನ್ನು ಸೀಳಿ ಮೇಲೆ ಬರುತ್ತಿತ್ತು. ನೀರು ಜಾರಿ ಪಟ ಹಗುರವಾಗುತ್ತಿತ್ತು. ಇನ್ನೊಂದು ಉಸಿರು, ಅಷ್ಟೇ, ದೋಣಿ ನೆಟ್ಟಗಾಗುತ್ತಿತ್ತು. "ಬೇಡ ಅಕ್ಕ!" ಎಂದು ಗಾನವಿ ಹಲ್ಲು ಕಚ್ಚಿಕೊಂಡೇ ಕೂಗಿದಳು. "ಮುಟ್ಬೇಡ, ಬಂತು, ಬಂತು, ಮುಟ್ಬೇಡ!" ಶಿವರಂಜನಿ ಬಗ್ಗಿ ಎರಡೂ ಕೈಯಿಂದ ದೋಣಿಯ ಅಂಚನ್ನು ಹಿಡಿದಳು. ಗಟ್ಟಿಯಾಗಿ ಹಿಡಿದಳು. ತನ್ನ ಭಾರವನ್ನೆಲ್ಲ ಹಾಕಿ ಹಿಡಿದಳು. "ಹೆದ್ರಬೇಡ ಕಣೆ, ನಾನಿದ್ದೀನಿ, ನಾನಿದ್ದೀನಿ" ಎಂದು ಜೋರಾಗಿ, ದಡಕ್ಕೆ ಕೇಳುವಷ್ಟು ಜೋರಾಗಿ ಹೇಳುತ್ತಿದ್ದಳು. ಗಾನವಿ ಅವಳನ್ನೇ ನೋಡಿದಳು. ಆ ಮುಖದಲ್ಲಿ ಸಿಟ್ಟು ಬರಲಿಲ್ಲ. ಏನೂ ಅರ್ಥವಾಗದ, ಬಾಯಿ ತೆರೆದ ಒಂದು ಮುಖ. ಪಕ್ಕದಿಂದ ಮೇಘನಾಳ ದೋಣಿ ಸರ್ರನೆ ಹಾದುಹೋಯಿತು.

ದಡದಲ್ಲಿ ಶಿವರಂಜನಿಯನ್ನು ಎತ್ತಿಕೊಳ್ಳುವುದೊಂದು ಬಾಕಿ. ಅವ್ವ ಅವಳ ಎರಡೂ ಕೆನ್ನೆ ಸವರಿ, "ನೀನಿಲ್ದಿದ್ರೆ ನನ್ ಕೂಸಿನ ಗತಿ ಏನಾಗ್ತಿತ್ತೆ ನನ್ನವ್ವ, ನೀನು ಅಕ್ಕ ಅಲ್ಲ, ಎತ್ತ ತಾಯಿ" ಎಂದು ಗೊಳೋ ಎಂದು ಅತ್ತಳು. ಒದ್ದೆ ಪ್ಯಾಂಟಿನ ಅಪ್ಪಾಜಿ ಅವಳ ತಲೆಯ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಎಷ್ಟು ವರ್ಷವಾಗಿತ್ತೋ ಆ ಕೈ ಅಲ್ಲಿಗೆ ಬಂದು. ಬೆಚ್ಚಗಿತ್ತು. ಶಿವರಂಜನಿಗೆ ಅಳು ಬಂತು, ಆ ಅಳುವೂ ನಿಜದ್ದೇ. ಚಾಮಯ್ಯ ಸುತ್ತ ನಿಂತವರಿಗೆ, "ನಾನೇ ಮೊದ್ಲು ನೋಡ್ದೋನು. ಇಂಗೇ ಕೈಯೆತ್ಬುಟ್ಟು ಕರೀತು ಕೂಸು" ಎಂದು ತನ್ನ ಕೈಯನ್ನು ಆಕಾಶಕ್ಕೆತ್ತಿ ಆಡಿಸಿ ತೋರಿಸುತ್ತಿದ್ದ. ಹೇಳಿದಷ್ಟೂ ಆ ಕೈ ಇನ್ನೂ ಮೇಲಕ್ಕೆ ಹೋಗುತ್ತಿತ್ತು. ರಂಗಸ್ವಾಮಿ ಮೇಷ್ಟ್ರು ಮಾತ್ರ ಅವಳನ್ನು ಪಕ್ಕಕ್ಕೆ ಕರೆದು, "ನಾ ಇದ್ದ ಕಡೆಯಿಂದ ಸರಿಯಾಗಿ ಕಾಣ್ಲಿಲ್ಲ. ಕೈ ತಲೆ ಮೇಲಿತ್ತೋ, ಬೀಸಿದ್ಲೋ?" ಎಂದು ಕೇಳಿದರು. "ಬೀಸಿದ್ಲು ಸಾ" ಅಂದಳು. ಮೇಷ್ಟ್ರು ಒಂದಿಷ್ಟು ಹೊತ್ತು ಅವಳ ಮುಖ ನೋಡಿದರು. "ಹಂಗಾದ್ರೆ ಸರಿಯಾಗೇ ಮಾಡಿದ್ಯ. ಜೀವಕ್ಕಿಂತ ರೇಸು ದೊಡ್ಡದಲ್ಲ" ಎಂದು ಬೆನ್ನು ತಟ್ಟಿ, ಮೇಘನಾಳ ಹೆಸರು ಕೂಗಲು ಹೋದರು. ಅವರಿಗೆ ಅನುಮಾನ ಬಂದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು. ಒಬ್ಬರಾದರೂ ತನ್ನನ್ನು ಸರಿಯಾಗಿ ನೋಡಿದ ಹಾಗಾಗುತ್ತಿತ್ತು.

ಗಾನವಿ ಓಮ್ನಿಯ ಹಿಂದೆ, ಯಾರಿಗೂ ಕಾಣದ ಕಡೆ, ಟವೆಲ್ ಹೊದ್ದು ಮರಳಿನ ಮೇಲೆ ಕೂತಿದ್ದಳು. ಹಲ್ಲು ಕಟಕಟಿಸುತ್ತಿತ್ತು. ಶಿವರಂಜನಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟು, ಎದುರು ಕೂತಳು. ಈಗ ಬೈಯುತ್ತಾಳೆ. ಬೈಯಲಿ. ಕಪಾಳಕ್ಕೆ ಹೊಡೆಯಲಿ, ಕೂಗಿ ಊರು ಸೇರಿಸಲಿ. ಉತ್ತರಗಳನ್ನೆಲ್ಲ ಅವಳು ಜೋಡಿಸಿಕೊಂಡಿದ್ದಳು. ಗಾನವಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಾಫಿಯನ್ನೇ ನೋಡುತ್ತ, "ಅಕ್ಕ, ನಾನು ಕೈ ತಲೆ ಮೇಲೆ ಇಟ್ಟಿದ್ದೆ ಅನ್ಕೊಂಡಿದ್ದೆ. ಚಾಮಯ್ಯಣ್ಣ ನೋಡಿದ್ರೆ ಬೀಸ್ದೆ ಅಂತಾರೆ. ನೀನೂ ಮೇಷ್ಟ್ರಿಗೆ ಹಂಗೇ ಅಂದ್ಯಂತೆ. ಮುಟ್ಬೇಡ ಅಂತ ಕೂಗಿದ್ದು ಗ್ಯಾಪ್ಕ ಅದೆ, ಅದಕ್ ಮುಂಚೆ ನೀರು ಕುಡಿದಿದ್ದೆ, ನಂಗೆ ಸರಿಯಾಗಿ ಗೊತ್ತಾಗ್ತಿಲ್ಲ" ಅಂದಳು. ಶಿವರಂಜನಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದಳು. ಗಾಳಿ ಟವೆಲ್ಲಿನ ಅಂಚನ್ನು ಎತ್ತಿ ಎತ್ತಿ ಬಿಡುತ್ತಿತ್ತು.

"ಒಂದ್ ಮಾತು ಕೇಳ್ತೀನಿ, ಮನಸ್ಸು ನೋಯ್ತದೆ ಅಂತ ಸುಳ್ ಹೇಳ್ಬೇಡ" ಎಂದಳು ಗಾನವಿ. ಈಗ ಮುಖ ಎತ್ತಿದ್ದಳು. ಕಣ್ಣು ಕೆಂಪಗೆ ಊದಿಕೊಂಡಿತ್ತು. "ದೋಣಿ ಎದ್ದೇಬುಡ್ತು ಅಂತ ನಂಗೆ ಅನ್ಸಿತ್ತು. ಎದ್ದಿರ್ತಿತ್ತಾ? ನೀನು ಹತ್ರದಿಂದ ನೋಡ್ದೋಳು, ನಿಂಗೆ ದೋಣಿ ಗೊತ್ತು. ಎದ್ದಿರ್ತಿತ್ತು ಅಂದ್ರೆ, ಹೈದರಾಬಾದ್ ಹಾಳಾಗೋಗ್ಲಿ, ಮುಂದಿನ್ ವರ್ಷ ದೊಡ್ಡೋರ ಗುಂಪಲ್ಲಿ ಮತ್ತೆ ಮೊದ್ಲಿಂದ ಶುರು ಮಾಡ್ತೀನಿ. ನನ್ ಕೈಲಿ ಆಗ್ತಿರ್ಲಿಲ್ಲ ಅಂದ್ರೆ..." ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಜಾಕೆಟ್ಟನ್ನು ಕಾಲಿನಿಂದ ಆಚೆ ತಳ್ಳಿದಳು. ಪಟದಿಂದ ನೀರು ಜಾರಿದ್ದು, ತುದಿ ಮೇಲೆ ಬಂದದ್ದು, ಆ ಸಣ್ಣ ಮೈ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿದ್ದು ಶಿವರಂಜನಿಯ ಕಣ್ಣ ಮುಂದೆ ಹಾಗೇ ಇತ್ತು. ಇಷ್ಟು ಚೆನ್ನಾಗಿ ದೋಣಿ ಎತ್ತಿದವರನ್ನು ಅವಳು ಕಂಡಿರಲಿಲ್ಲ, ತಾನೂ ಎತ್ತಿರಲಿಲ್ಲ. ತಂಗಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡಳು.

"ಇಲ್ಲ ಕಣೆ" ಅಂದಳು. "ಆಗ್ತಿರ್ಲಿಲ್ಲ."

ಗಾನವಿ ಎದೆಯಲ್ಲೇ ತಲೆಯಾಡಿಸಿದಳು. ಆಮೇಲೆ ಮೂಗೊರೆಸಿಕೊಂಡು, "ನೀನಾದ್ರೂ ನಿಜ ಹೇಳ್ದೆ" ಅಂದಳು.